ಕೋಳಿಯೂಟಕ್ಕೊಂದು ಕಿತ್ತಳೆಯ ಗೊಜ್ಜು

ಕೇಳುಗರೆ, ನಲವತ್ತು ವರ್ಷಗಳ ಸಂಸಾರದಲ್ಲಿ ನಾನು ಅಡುಗೆಮನೆಯ ಹೊಸ್ತಿಲನ್ನು ದಾಟುತ್ತಿದ್ದುದು ಕುಡಿದ ಕಾಫಿಯ ಲೋಟವನ್ನು ಒಳಗಿಟ್ಟು ಬರುವುದಕ್ಕೆ ಮಾತ್ರ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು ನಾನು. ಬೀಕರು, ಬರ್ನರುಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಹುಡುಗರಿಗೆ ಪಾಠ ಹೇಳುತ್ತಿದ್ದವನಿಗೆ, ಮನೆಯ ಒಲೆಯ ಮೇಲೆಯೂ ಅದೇ ಶಾಸ್ತ್ರ ನಿತ್ಯವೂ ಕುದಿಯುತ್ತಿದೆಯೆಂಬ ಅರಿವು ಬಂದದ್ದು ಬಹಳ ತಡವಾಗಿ. ಅಂಥವನು ಇಂದು ಕೋಳಿಮಾಂಸದೊಡನೆ ಬಡಿಸುವ ಸಿಹಿಹುಳಿಯ ಕಿತ್ತಳೆ ಗೊಜ್ಜನ್ನು ಕುರಿತು ಮಾತನಾಡಲು ಕುಳಿತಿದ್ದೇನೆ. ಮಾಂಸಾಹಾರ ಮಾಡದವರು ಬೇಸರಪಡಬೇಕಾದ್ದಿಲ್ಲ. ನನ್ನ ಮಾತಿನಲ್ಲಿ ಗೊಜ್ಜಿನ ಪಾಲೇ ಹೆಚ್ಚು, ಕೋಳಿಯದು ಕಡಿಮೆ. ದೋಸೆಯ ಜೊತೆಗೂ ಈ ಗೊಜ್ಜು ಚೆನ್ನಾಗಿಯೇ ಹೊಂದುತ್ತದೆ.

ಈ ಅಡುಗೆ ನಮ್ಮ ಮನೆಗೆ ಬಂದದ್ದು ನನ್ನ ಮಡದಿಯ ತವರಿನಿಂದ. ಆಕೆ ಕೊಡಗಿನ ಕಾಫಿ ತೋಟದ ಮಗಳು. ಕಾಫಿಯ ಗಿಡಗಳ ನಡುನಡುವೆ ಕಿತ್ತಳೆಯ ಮರಗಳನ್ನು ಬೆಳೆಸುವುದು ಅಲ್ಲಿನ ಹಳೆಯ ಪದ್ಧತಿ. ಹಣ್ಣಿನ ಕಾಲದಲ್ಲಿ ಮನೆಯ ತುಂಬ ಕಿತ್ತಳೆ. ತಿಂದು ಉಳಿದ ಸಿಪ್ಪೆಯನ್ನು ನನ್ನ ಅತ್ತೆಯವರು ಎಸೆಯುತ್ತಿರಲಿಲ್ಲ. ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಣಿಸೆಯ ರಸ, ಬೆಲ್ಲ, ಖಾರದ ಪುಡಿ ಸೇರಿಸಿ ಕುದಿಸಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಕಿತ್ತಳೆ ಸಿಪ್ಪೆಯ ಗೊಜ್ಜು ಸಿದ್ಧ. ಇದು ಹಳೆಯ ಮೈಸೂರಿನ ಮನೆಗಳಲ್ಲಿಯೂ ಎಲ್ಲರೂ ಬಲ್ಲ ಅಡುಗೆ. ನನ್ನಾಕೆ ಅದನ್ನು ತನ್ನದೇ ರೀತಿಯಲ್ಲಿ ಮಾರ್ಪಡಿಸಿದಳು. ಹುಣಿಸೆಯನ್ನು ಬಿಟ್ಟು ಹಣ್ಣಿನ ರಸವನ್ನೇ ಹಾಕಿ, ಕಾಳುಮೆಣಸು, ಶುಂಠಿ ಸೇರಿಸಿ, ಭಾನುವಾರದ ಕೋಳಿಯ ತುಂಡುಗಳ ಮೇಲೆ ಹೊಳೆಯುವಂತೆ ಅದನ್ನು ಹೊದಿಸುತ್ತಿದ್ದಳು. ಬಂದ ನೆಂಟರು ಅದನ್ನು ಕೇಳಿ ಬಡಿಸಿಕೊಳ್ಳುತ್ತಿದ್ದರು. ನಾನು ಹೊಗಳದೆ ಉಣ್ಣುತ್ತಿದ್ದೆ. ಗಂಡಸರ ಸ್ವಭಾವವೇ ಹಾಗೆಂದು ಹೇಳಿ ತಪ್ಪಿಸಿಕೊಳ್ಳುವ ಧೈರ್ಯ ಈಗ ನನಗಿಲ್ಲ.

2021ರ ಮೇ ತಿಂಗಳಿನಲ್ಲಿ, ನಾಡಿನ ಅನೇಕ ಮನೆಗಳಿಗೆ ಬಂದ ಜ್ವರ ನಮ್ಮ ಮನೆಗೂ ಬಂತು. ಆಕೆ ಹತ್ತು ದಿನ ಹಾಸಿಗೆ ಹಿಡಿದು ಎದ್ದಳು. ದೇವರ ದಯೆ, ಉಸಿರಿಗೆ ತೊಂದರೆಯಾಗಲಿಲ್ಲ. ಆದರೆ ಎದ್ದವಳಿಗೆ ವಾಸನೆಯೆಂಬುದೇ ಇಲ್ಲವಾಗಿತ್ತು. ಮಲ್ಲಿಗೆಯ ದಂಡೆಯನ್ನು ಮೂಗಿಗೆ ಒತ್ತಿಕೊಂಡರೂ ಇಲ್ಲ; ಇಂಗಿನ ಡಬ್ಬಿಯನ್ನು ತೆರೆದರೂ ಇಲ್ಲ. ಒಂದು ದಿನ ಆಕೆ ಒಲೆಯ ಎದುರಿಗೇ ನಿಂತಿದ್ದಾಗ ಹಾಲು ತಳಹಿಡಿದು ಸೀದು ಹೋಯಿತು. ಅಂಗಳದಲ್ಲಿದ್ದ ನಾನು ಓಡಿ ಬಂದೆ. “ರೀ, ಸೀಯ್ತಿದೆ ಅಂತ ಯಾರಾದ್ರೂ ಒಂದು ಮಾತು ಹೇಳಬಾರದಾ?” ಎಂದು ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಸಂಜೆಯಿಂದ ಅಡುಗೆಮನೆಯ ಸೌಟು ನನ್ನ ಕೈಗೆ ಬಂತು. ಆಕೆ ಮಣೆಯ ಮೇಲೆ ಕುಳಿತು ಹೇಳುವುದು, ನಾನು ಮಾಡುವುದು.

ಅನ್ನ, ಸಾರುಗಳು ಹೇಗೋ ಕೈಗೆ ಹತ್ತಿದವು. ಒಂದು ತಿಂಗಳಾದ ಮೇಲೆ, ಆಕೆಯ ಮನಸ್ಸಿಗೆ ಗೆಲುವಾಗಲೆಂದು, ಆಕೆಯದೇ ಕಿತ್ತಳೆಯ ಗೊಜ್ಜನ್ನು ಮಾಡಲು ಹೊರಟೆ. ಹೇಳಿಸಿಕೊಳ್ಳದೆ ಮಾಡಬೇಕೆಂಬ ಹಮ್ಮು ಬೇರೆ. ಹಣ್ಣುಗಳನ್ನು ಸುಲಿದು, ತೊಳೆಗಳನ್ನು ಬೀಜಸಹಿತ ಮಿಕ್ಸಿಗೆ ಹಾಕಿ ತಿರುಗಿಸಿ, ರಸವನ್ನು ಒಂದು ಗಂಟೆ ಹಾಗೆಯೇ ಬಿಟ್ಟು, ಆಮೇಲೆ ಸಿಪ್ಪೆಯ ಚೂರುಗಳೊಡನೆ ಅರ್ಧ ಗಂಟೆ ಕುದಿಸಿದೆ. ಬಣ್ಣ ಸೊಗಸಾಗಿತ್ತು. ಆಕೆ ಎರಡು ತುತ್ತು ತಿಂದು ಸುಮ್ಮನೆ ಕುಳಿತಳು. ಆಮೇಲೆ, “ಹುಳಿ ಇದೆ, ಸಿಹಿ ಇದೆ, ಕೊನೇಲಿ ಒಂದಿಷ್ಟು ಕಹೀನೂ ಇದೆ. ಕಿತ್ತಳೆ ಎಲ್ರೀ?” ಎಂದಳು.

ಪಾಪ, ಆಕೆಯ ಮೂಗು ಕೆಟ್ಟಿದೆ, ಅದಕ್ಕೆ ಹೀಗೆನ್ನುತ್ತಿದ್ದಾಳೆ ಎಂದುಕೊಂಡೆ. ರಾತ್ರಿ ಉಳಿದ ಗೊಜ್ಜನ್ನು ಮುಚ್ಚಿಡುವಾಗ ನಾನೇ ಒಂದು ಬೆರಳು ನೆಕ್ಕಿ ನೋಡಿದೆ. ಹುಳಿ ಇತ್ತು, ಸಿಹಿ ಇತ್ತು, ಕಹಿ ಇತ್ತು. ಕಿತ್ತಳೆ ಇರಲಿಲ್ಲ. ನನ್ನ ಮೂಗು ನೆಟ್ಟಗಿದ್ದೂ ಇರಲಿಲ್ಲ! ಆಕೆಯ ದೂರು ಸರಿಯಾಗಿತ್ತು. ದೋಷ ಮೂಗಿನದಾಗಿರಲಿಲ್ಲ, ಗೊಜ್ಜಿನದಾಗಿತ್ತು. ಹಾಗಾದರೆ ಐದು ಹಣ್ಣುಗಳ ಕಿತ್ತಳೆತನವೆಲ್ಲ ಎಲ್ಲಿ ಹೋಯಿತು? ಆ ಪ್ರಶ್ನೆಯೇ ಈ ಭಾಷಣಕ್ಕೆ ಮೂಲ.

ಕೇಳುಗರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಮೂಗನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡು ಕಿತ್ತಳೆಯ ಒಂದು ತೊಳೆಯನ್ನು ಅಗಿಯಿರಿ. ನಾಲಗೆಗೆ ಸಿಹಿಹುಳಿಯ ನೀರು ದೊರೆಯುತ್ತದೆ. ಅದು ಯಾವ ಹಣ್ಣೆಂದು ಹೇಳಲಾಗುವುದಿಲ್ಲ. ಈಗ ಬೆರಳು ಬಿಡಿ. ತಟ್ಟನೆ ಕಿತ್ತಳೆ ಬಂದು ನಿಲ್ಲುತ್ತದೆ. ನಾವು ರುಚಿಯೆಂದು ಕರೆಯುವುದರಲ್ಲಿ ನಾಲಗೆಯ ಪಾಲು ಕಡಿಮೆ. ಹಿರಿಯರು ಷಡ್ರಸಗಳೆಂದರು, ಇಂದಿನ ವಿಜ್ಞಾನ ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಉಮಾಮಿಯೆಂಬ ಮಾಂಸರಸದ ರುಚಿ, ಹೀಗೆ ಐದನ್ನು ಎಣಿಸುತ್ತದೆ. ಐದಿರಲಿ, ಆರಿರಲಿ, ಅಷ್ಟರಿಂದ ಕಿತ್ತಳೆಗೂ ಮಾವಿಗೂ ಭೇದ ತಿಳಿಯದು. ಬಾಯಲ್ಲಿ ಅಗಿದಾಗ ಎದ್ದ ಆವಿ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಅದನ್ನು ಗುರುತಿಸುತ್ತವೆ. ಈ ಗ್ರಾಹಕಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಆ ಜ್ವರದ ವೈರಾಣು ಕೆಡಿಸುವುದು ಹೆಚ್ಚಾಗಿ ಈ ಘ್ರಾಣಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿ ನಿಂತ ನೆರೆಕೋಶಗಳನ್ನು. ಆಸರೆ ತಪ್ಪಿದರೆ ಬಳ್ಳಿಯೂ ಬಾಡುತ್ತದೆ; ಆಸರೆ ಮತ್ತೆ ಬೆಳೆದಂತೆ ಬಳ್ಳಿಯೂ ಚಿಗುರುತ್ತದೆ. ಎಲ್ಲರಲ್ಲಿಯೂ ಒಂದೇ ವೇಗದಲ್ಲಿ ಅಲ್ಲ.

ಇನ್ನು ಕಿತ್ತಳೆಯ ವಿಚಾರ. ಅದರ ಸಿಹಿಹುಳಿಗಳು ತೊಳೆಯೊಳಗಿನ ರಸದಲ್ಲಿವೆ. ಅದರ ಪರಿಮಳದ ಬಹುಭಾಗ ಸಿಪ್ಪೆಯ ಮೇಲ್ಪದರದಲ್ಲಿದೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತೆ ಕಾಣುವ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಎಣ್ಣೆಯ ಚೀಲಗಳು. ಚಿಕ್ಕಂದಿನಲ್ಲಿ ನಾವೆಲ್ಲ ಸಿಪ್ಪೆಯನ್ನು ದೀಪದ ಕುಡಿಯ ಬಳಿ ಹಿಡಿದು ಹಿಸುಕಿ, ಚಟಪಟನೆ ಹಾರುವ ಕಿಡಿಗಳನ್ನು ಕಂಡು ನಕ್ಕವರೇ ತಾನೆ? ಆಗ ಉರಿಯುತ್ತಿದ್ದುದು ಈ ಎಣ್ಣೆ. ಅದರ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾದದ್ದು ಲಿಮೊನೀನ್ ಎಂಬ ವಸ್ತು. ಅದು ತಾನೇ ಕುದಿಯಬೇಕಾದರೆ 176 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ನೀರಿನ ಆವಿಯೊಡನೆ ಕೈಹಿಡಿದು 100 ಡಿಗ್ರಿಗೆ ಮೊದಲೇ ಅದು ಹೊರಟುಬಿಡುತ್ತದೆ. ಗುಲಾಬಿಯಿಂದ ಪನ್ನೀರನ್ನು ಇಳಿಸುವುದೂ ಇದೇ ತತ್ತ್ವದ ಮೇಲೆ. ಅಲ್ಲಿ ಆವಿಯನ್ನು ಹಿಡಿದು ತಣಿಸುತ್ತಾರೆ. ನಾನು ಅದನ್ನು ಕಿಟಕಿಯಿಂದ ಹೊರಕ್ಕೆ ಬಿಟ್ಟಿದ್ದೆ. ಆ ಮಧ್ಯಾಹ್ನ ಬೀದಿಯಲ್ಲಿ ನಡೆದವರಿಗೆಲ್ಲ ಕಿತ್ತಳೆ ದೊರೆಯಿತು, ಊಟಕ್ಕೆ ಕುಳಿತ ನಮಗೆ ದೊರೆಯಲಿಲ್ಲ.

ಸಕ್ಕರೆಯಾಗಲಿ ಸಿಟ್ರಿಕ್ ಆಮ್ಲವಾಗಲಿ ಆವಿಯಾಗಿ ಹೋಗುವ ವಸ್ತುಗಳಲ್ಲ. ಕಿತ್ತಳೆಯ ರಸದಲ್ಲಿ ನೂರಕ್ಕೆ ಒಂಬತ್ತು ಹತ್ತು ಪಾಲು ಸಕ್ಕರೆ, ಸುಮಾರು ಒಂದು ಪಾಲು ಆಮ್ಲ. ರಸವನ್ನು ಅರ್ಧಕ್ಕೆ ಬತ್ತಿಸಿದರೆ ಎರಡೂ ಇಮ್ಮಡಿಯಾಗುತ್ತವೆ, ಪರಿಮಳ ಶೂನ್ಯದತ್ತ ಇಳಿಯುತ್ತದೆ. ಈ ಆಮ್ಲವನ್ನು ನಿಂಬೆಯ ರಸದಿಂದ ಹರಳಾಗಿ ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಔಷಧಕಾರ ಕಾರ್ಲ್ ವಿಲ್ಹೆಲ್ಮ್ ಶೀಲೆ, 1784ರಲ್ಲಿ. ಅವನ ಹೆಸರನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನನಗೆ, ಬಾಣಲೆಯ ಮುಂದೆ ಅದು ನೆನಪಿಗೆ ಬರಲಿಲ್ಲ.

ಕಹಿಯ ಕಥೆ ಇನ್ನೊಂದು. ಸಿಪ್ಪೆಯ ಕೆಳಗಿನ ಬಿಳಿಯ ಪದರ, ತೊಳೆಯನ್ನು ಸುತ್ತಿದ ಪೊರೆ, ಬೀಜ, ಇವುಗಳಲ್ಲಿ ಕಹಿಯಲ್ಲದ ಒಂದು ವಸ್ತು ಅಡಗಿರುತ್ತದೆ. ಹಣ್ಣನ್ನು ಜಜ್ಜಿ ರಸದ ಹುಳಿಗೆ ಅದನ್ನು ಬೆರೆಸಿದೊಡನೆ, ಅದು ನಿಧಾನವಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ. ಹಿಂಡಿದಾಗ ಸಿಹಿಯಾಗಿದ್ದ ರಸ ಒಂದೆರಡು ಗಂಟೆ ಕಳೆಯುವುದರೊಳಗೆ ಕಹಿಯಾಗುವುದು ಇದರಿಂದಲೇ. ಕಾಯಿಸಿದರೆ ಇನ್ನೂ ಬೇಗ. ಬೀಜಸಹಿತ ತಿರುಗಿಸಿ, ಬಿಟ್ಟು, ಕುದಿಸಿದ ನಾನು ಮಾಡಬಾರದ ಮೂರನ್ನೂ ಮಾಡಿದ್ದೆ. ಹೆಸರುಗಳು ಹೋಲುತ್ತವೆ, ಮರುಳಾಗಬಾರದು. ಲಿಮೊನೀನ್ ಪರಿಮಳದ್ದು, ಲಿಮೊನಿನ್ ಕಹಿಯದು. ಒಂದೇ ಹಣ್ಣಿನ ಸಿಪ್ಪೆಯಲ್ಲಿ ಕೂದಲೆಳೆಯ ಅಂತರದಲ್ಲಿ ಒಂದು ಹೊರಗೆ, ಒಂದು ಒಳಗೆ. ಅತ್ತೆಯವರ ಸಿಪ್ಪೆಯ ಗೊಜ್ಜಿನಲ್ಲಿ ಕಹಿಯೂ ಬೇಕಾದ ರುಚಿಯೇ ಆಗಿತ್ತು. ಅದನ್ನು ಎದುರಿಸಲು ಹುಣಿಸೆ, ಬೆಲ್ಲ, ಖಾರಗಳು ಧಾರಾಳವಾಗಿರುತ್ತಿದ್ದವು. ರಸದ ಗೊಜ್ಜು ಅಷ್ಟು ಗಟ್ಟಿಗನಲ್ಲ.

ಈ ಹಣ್ಣಿನ ಕುಲಗೋತ್ರಗಳು ಸ್ವಾರಸ್ಯವಾಗಿವೆ. 2018ರಲ್ಲಿ ವಿಜ್ಞಾನಿಗಳು ಈ ಜಾತಿಯ ಹಣ್ಣುಗಳ ವಂಶವಾಹಿಗಳನ್ನು ಹೋಲಿಸಿ, ಇವುಗಳ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ನಮ್ಮ ಅಸ್ಸಾಮಿನ ಪೂರ್ವಭಾಗ, ಬರ್ಮಾದ ಉತ್ತರ, ಚೀನದ ಯುನ್ನಾನಿನ ಪಶ್ಚಿಮ ಎಂದು ತೋರಿಸಿದರು. ಮಾದಲ, ಚಕ್ಕೋತ, ಸಿಪ್ಪೆ ಸಡಿಲವಾದ ಕಿತ್ತಳೆ, ಈ ಮೂವರು ಮುಖ್ಯವಾದ ಮೂಲಪುರುಷರು. ಚಕ್ಕೋತ, ಕಿತ್ತಳೆಗಳ ಬೆರಕೆಯಿಂದ ಮೂಸಂಬಿಯಂಥ ಬಿಗಿಸಿಪ್ಪೆಯ ಹಣ್ಣುಗಳು ಹುಟ್ಟಿದವು. ಸಂಸ್ಕೃತದ ‘ನಾರಂಗ’ ಪಾರಸಿಯಲ್ಲಿ ‘ನಾರಂಗ್’ ಆಗಿ, ಅರಬ್ಬಿಯಲ್ಲಿ ‘ನಾರಂಜ್’ ಆಗಿ, ಸ್ಪೇನಿನಲ್ಲಿ ‘ನರಾಂಹ’ ಆಗಿ, ಇಂಗ್ಲಿಷಿಗೆ ಬರುವ ಹೊತ್ತಿಗೆ ತಲೆಯ ನಕಾರವನ್ನು ಕಳೆದುಕೊಂಡು ‘ಆರೆಂಜ್’ ಎನಿಸಿತು. ಆ ಸಂಸ್ಕೃತ ಪದಕ್ಕೇ ದ್ರಾವಿಡದ ಬೇರುಂಟೆಂದು ಹೇಳುವ ವಿದ್ವಾಂಸರಿದ್ದಾರೆ.

ಹಣ್ಣು ಹೋದಲ್ಲೆಲ್ಲ ಅದನ್ನು ಮಾಂಸದೊಡನೆ ಜೋಡಿಸುವ ಪದ್ಧತಿಯೂ ಹುಟ್ಟಿತು. 1226ರಲ್ಲಿ ಬಾಗ್ದಾದಿನಲ್ಲಿ ಸಂಗ್ರಹವಾದ ಅಲ್-ಬಾಗ್ದಾದಿಯ ಪಾಕಗ್ರಂಥದಲ್ಲಿ ಹುಳಿಯ ಅಡುಗೆಗಳಿಗೆಂದೇ ಒಂದು ಅಧ್ಯಾಯವಿದೆ. ಮಾದಲದ ರಸದಲ್ಲಿ ಬೇಯಿಸಿದ ಮಾಂಸ ಅದರಲ್ಲೊಂದು. ಫ್ರಾನ್ಸಿನವರು ಬಾತುಕೋಳಿಗೆ ಕಹಿ ಕಿತ್ತಳೆಯ ಸಾಸನ್ನು ಮಾಡುತ್ತಾರೆ. ಮೊದಲು ಸಕ್ಕರೆಯನ್ನು ಕಂದುಬಣ್ಣಕ್ಕೆ ಕರಗಿಸಿ, ಅದಕ್ಕೆ ದ್ರಾಕ್ಷಿಯ ಹುಳಿನೀರನ್ನು ಸುರಿಯುವುದು ಅವರ ಕ್ರಮ. ಚೀನೀಯರು ಒಣಗಿಸಿ ವರ್ಷಗಟ್ಟಲೆ ಇಟ್ಟ ಕಿತ್ತಳೆಯ ಸಿಪ್ಪೆಯನ್ನು ಕೋಳಿಯ ಪಲ್ಯಕ್ಕೆ ಹಾಕುತ್ತಾರೆ. ‘ಚೆನ್‌ಪಿ’ ಎಂದು ಅದರ ಹೆಸರು, ಅದು ಅವರಿಗೆ ಔಷಧವೂ ಹೌದು. ಅದನ್ನೇ ಮುಂದಿಟ್ಟುಕೊಂಡು ಅಮೆರಿಕದಲ್ಲಿ ಪಾಂಡಾ ಎಕ್ಸ್‌ಪ್ರೆಸ್ ಎಂಬ ಹೋಟೆಲು ಸಾಲಿನ ಬಾಣಸಿಗ ಆಂಡಿ ಕಾವ್ 1987ರಲ್ಲಿ ರೂಪಿಸಿದ ‘ಆರೆಂಜ್ ಚಿಕನ್’ ಅಲ್ಲಿ ಮನೆಮಾತಾಯಿತು. ದೇಶ, ಕಾಲಗಳು ಬೇರೆಯಾದರೂ ಸೂತ್ರ ಒಂದೇ. ಸಿಹಿಗೊಂದು, ಹುಳಿಗೊಂದು, ಪರಿಮಳಕ್ಕೊಂದು. ಮೂರನ್ನೂ ಒಂದೇ ವಸ್ತುವಿನಿಂದ, ಒಂದೇ ಕುದಿತದಲ್ಲಿ ಪಡೆಯಲು ಹೋದವನು ಸೋಲುತ್ತಾನೆ.

ಇಷ್ಟೆಲ್ಲ ತಿಳಿದುಕೊಂಡು, ಆಕೆಯನ್ನು ಕೇಳಿ ಕೇಳಿ ತಿದ್ದಿಕೊಂಡ ಕ್ರಮವನ್ನು ಈಗ ಹೇಳುತ್ತೇನೆ. ನಾಲ್ಕು ಮಂದಿಗೆ ಮುಕ್ಕಾಲು ಕಿಲೋ ಕೋಳಿ. ಮಧ್ಯಮ ಗಾತ್ರದ ಐದು ಕಿತ್ತಳೆ; ಇವುಗಳಿಂದ ಸುಮಾರು 300 ಮಿಲಿಲೀಟರ್ ರಸ ಬರಬೇಕು. ಕೊಡಗಿನ ಕಿತ್ತಳೆ ಸಿಕ್ಕರೆ ಅದಕ್ಕೆ ಸಮನಿಲ್ಲ, ಅದರಲ್ಲಿ ಹುಳಿ ತುಸು ಮುಂದು. ನಾಗಪುರದ್ದಾದರೆ ನಿಂಬೆಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಒಂದು ನಿಂಬೆಹಣ್ಣು, ಮೂರು ದೊಡ್ಡ ಚಮಚ ಸಕ್ಕರೆ, ಅಡಿಕೆ ಗಾತ್ರದ ಬೆಲ್ಲ, ಒಂದು ಅಂಗುಲ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಬ್ಯಾಡಗಿ ಮೆಣಸಿನಕಾಯಿ, ಪುಡಿಮಾಡಿದ ಕಾಳುಮೆಣಸು, ಉಪ್ಪು, ಎರಡು ಟೀ ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ತುಪ್ಪ. ಕಾರ್ನ್‌ಫ್ಲೋರ್ ಇಲ್ಲದಿದ್ದರೆ ನಮ್ಮ ಅಕ್ಕಿಹಿಟ್ಟೇ ಆದೀತು. ಎಲ್ಲವೂ ಬೆಲ್ಲವೇ ಏಕಾಗಬಾರದೆಂದು ಕೇಳಬಹುದು. ಬೆಲ್ಲಕ್ಕೆ ತನ್ನದೇ ಒಂದು ವಾಸನೆಯಿದೆ. ಹೆಚ್ಚಾದರೆ ಅದು ಕಿತ್ತಳೆಯನ್ನು ಹಿಂದಕ್ಕೆ ತಳ್ಳುತ್ತದೆ.

ಹಣ್ಣನ್ನು ಚೆನ್ನಾಗಿ ತೊಳೆದು ಒರೆಸಿ, ಮೊದಲು ಸಿಪ್ಪೆಯ ಕೆಲಸ. ಹಿಂಡಿದ ಮೇಲೆ ಮೆತ್ತಗಾದ ಸಿಪ್ಪೆಯನ್ನು ತುರಿಯಲಾಗದು. ಒಂದೂವರೆ ಹಣ್ಣಿನ ಮೇಲ್ಪದರವನ್ನು ಸಣ್ಣ ಕಣ್ಣಿನ ತುರಿಮಣೆಯಲ್ಲಿ ಹಗುರವಾಗಿ ತುರಿದು, ಬಟ್ಟಲಿನಲ್ಲಿ ಮುಚ್ಚಿಡಿ. ಬಣ್ಣ ಬಂದರೆ ಸಾಕು, ಬಿಳಿಯದು ಕಂಡೊಡನೆ ಕೈ ನಿಲ್ಲಿಸಿ. ಕಿತ್ತಳೆಯ ಸಿಪ್ಪೆ ತೆಳುವಾದ್ದರಿಂದ ಇಲ್ಲಿ ಆತುರ ಸಲ್ಲದು. ಆಮೇಲೆ ಹಣ್ಣುಗಳನ್ನು ಅಡ್ಡಲಾಗಿ ಕೊಯ್ದು, ಕೈಯಿಂದಲೇ ಹಿಂಡಿ, ಬೀಜ ಜಜ್ಜದಂತೆ ಸೋಸಿಕೊಳ್ಳಿ. ಹಿಂಡಿದ ರಸವನ್ನು ಕಾಯಿಸದೆ ಹೊತ್ತು ಕಳೆಯಬೇಡಿ. ಅದರಲ್ಲಿ 50 ಮಿಲಿಲೀಟರಿನಷ್ಟನ್ನು ಬೇರೆ ತೆಗೆದು ತಣ್ಣಗಿಡಿ. ಇದಕ್ಕೆ ಒಲೆಯ ಋಣವಿಲ್ಲ.

ಪಾತ್ರೆ ಸ್ಟೀಲಿನದಾಗಿರಲಿ. ಹುಳಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿಯಾಗಲಿ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿಯಾಗಲಿ ಕುದಿಸಬಾರದೆಂಬುದು ನಮ್ಮ ಅಜ್ಜಿಯರಿಗೆ ಶೀಲೆಯ ಹೆಸರು ಕೇಳದೆಯೇ ತಿಳಿದಿತ್ತು. ಅವರು ಗೊಜ್ಜನ್ನು ಕಲ್ಮರಿಗೆಯಲ್ಲಿ ಮಾಡುತ್ತಿದ್ದರು. ಸಕ್ಕರೆಗೆ ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಜೇನಿನ ಬಣ್ಣಕ್ಕೆ ತಿರುಗಿದೊಡನೆ ಬೆಲ್ಲವನ್ನೂ ರಸವನ್ನೂ ಹುಷಾರಾಗಿ ಸುರಿಯಿರಿ, ಅದು ಚಿಮ್ಮುತ್ತದೆ. ಪಾಕ ಗಡುಸಾಗಿ ಕಲ್ಲುಸಕ್ಕರೆಯಂತೆ ತಳ ಹಿಡಿದರೆ ಗಾಬರಿಯಾಗಬೇಡಿ. ನಾನು ಒಮ್ಮೆ ಗಾಬರಿಯಾಗಿ ಪಾತ್ರೆಯನ್ನೇ ಬಚ್ಚಲಿಗೆ ಒಯ್ದಿದ್ದೆ. ಎರಡು ನಿಮಿಷ ಕುದಿದರೆ ತಾನಾಗಿ ಕರಗುತ್ತದೆ. ಮೆಣಸಿನಕಾಯಿಗಳನ್ನು ಮುರಿದು ಹಾಕಿ, ರಸ ಅರ್ಧಕ್ಕೆ ಇಳಿಯುವವರೆಗೆ ಬತ್ತಿಸಿ. ಬೆಲ್ಲದ ಮರಳೇನಾದರೂ ಇದ್ದರೆ ಸೋಸಿಬಿಡಿ. ಸಿಹಿಹುಳಿಗಳ ತಳಪಾಯ ಇದು. ಪರಿಮಳ ಇನ್ನೂ ಬರಬೇಕಾಗಿದೆ.

ಕೋಳಿಯ ತುಂಡುಗಳಿಗೆ ಉಪ್ಪು, ಕಾಳುಮೆಣಸು, ಚಿಟಿಕೆ ಅರಿಸಿನ ಸವರಿ ಅರ್ಧ ಗಂಟೆ ಇಟ್ಟಿರಿ. ನಿಂಬೆಯ ರಸದಲ್ಲಿ ರಾತ್ರಿಯೆಲ್ಲ ನೆನೆಸಿದರೆ ಮೃದುವಾಗುತ್ತದೆಂದು ಕೆಲವರು ಹೇಳುತ್ತಾರೆ. ಹುಳಿ ಮಾಂಸದ ಮೇಲ್ಮೈಯನ್ನು ಬೇಯಿಸಿದಂತೆಯೇ ಮಾಡುತ್ತದೆ; ಹೊತ್ತು ಮೀರಿದರೆ ಹೊರಗೆ ಸೀಮೆಸುಣ್ಣದಂತೆ ಹುಡಿಯಾಗುತ್ತದೆ. ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಅಲುಗಿಸದೆ ಕೆಂಪಗೆ ಹುರಿಯಿರಿ. ಆಮೇಲೆ ಉರಿ ತಗ್ಗಿಸಿ ಮುಚ್ಚಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಮೂಳೆಯ ಬಳಿ ಚುಚ್ಚಿದರೆ ಬರುವ ನೀರು ತಿಳಿಯಾಗಿರಬೇಕು. ಉಷ್ಣಮಾಪಕವಿದ್ದವರು ಒಳಗಿನ ಶಾಖ 74 ಡಿಗ್ರಿ ಮುಟ್ಟಿದೆಯೆಂದು ನೋಡಿಕೊಳ್ಳಬಹುದು. ತುಂಡುಗಳನ್ನು ತಟ್ಟೆಗೆ ತೆಗೆದಿಡಿ. ಬಾಣಲೆಯ ತಳದಲ್ಲಿ ಅಂಟಿದ ಕಂದು ಪದರವನ್ನು ತೊಳೆದುಬಿಡಬೇಡಿ. ಮಾಂಸದ ಸಾರವಸ್ತುಗಳೂ ಸಕ್ಕರೆಯೂ ಕಾವಿಗೆ ಕೂಡಿ ಆದ ಪದಾರ್ಥ ಅದು. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ ಫ್ರಾನ್ಸಿನ ಮಯ್ಯಾರನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ನಮ್ಮವರು ‘ಗಸಿ’ ಎಂದು ಅನ್ನ ಕಲಸಿ ತಿನ್ನುತ್ತಿದ್ದರು.

ಅದೇ ಬಾಣಲೆಯಲ್ಲಿ ಜಜ್ಜಿದ ಶುಂಠಿ ಬೆಳ್ಳುಳ್ಳಿಗಳನ್ನು ಅರೆನಿಮಿಷ ಹುರಿದು, ಬತ್ತಿಸಿದ ರಸವನ್ನು ಸುರಿದು, ಸೌಟಿನಿಂದ ತಳವನ್ನು ಕೆರೆದು ಕರಗಿಸಿ. ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ, ಕೈಯಾಡಿಸುತ್ತ ಹಾಕಿ. ಬಿಸಿಯಲ್ಲಿ ನೇರವಾಗಿ ಹಾಕಿದರೆ ಪ್ರತಿ ಹುಡಿಯೂ ಹೊರಗೆ ಬೆಂದು ಒಳಗೆ ಹಸಿಯಾಗಿ ಗಂಟುಕಟ್ಟುತ್ತದೆ. ಒಂದು ನಿಮಿಷ ಕುದಿದರೆ ಸಾಕು. ಅಕ್ಕಿಹಿಟ್ಟಾದರೆ ಎರಡು ಮೂರು. ಹುಳಿಯಲ್ಲಿ ಬಹಳ ಹೊತ್ತು ಕುದಿದ ಪಿಷ್ಟ ಒಡೆದು ಮತ್ತೆ ನೀರಾಗುತ್ತದೆ. ಇನ್ನೂ ಗಟ್ಟಿಯಾಗಲೆಂದು ಕುದಿಸುತ್ತ ನಿಂತವರು ಅದನ್ನು ತೆಳುವಾಗಿಸುತ್ತಿರುತ್ತಾರೆ. ಸೌಟಿನ ಬೆನ್ನಿಗೆ ಅಂಟಿ ಬೆರಳೆಳೆದರೆ ಗೆರೆ ಉಳಿಯುವಂತಿರಬೇಕು. ಅದಕ್ಕಿಂತ ತುಸು ಗಟ್ಟಿಯಾಗಿದ್ದರೂ ಆಯಿತು, ಮುಂದೆ ಹಸಿ ರಸ ಸೇರುವುದಿದೆ.

ಈಗ ಒಲೆಯನ್ನು ಆರಿಸಿ. ಕೋಳಿಯ ತುಂಡುಗಳನ್ನು ಗೊಜ್ಜಿನಲ್ಲಿ ಹೊರಳಿಸಿ, ತುಪ್ಪ ಹಾಕಿ. ಎತ್ತಿಟ್ಟ ಹಸಿ ರಸ, ಆಮೇಲೆ ನಿಂಬೆಯ ರಸ, ಅರ್ಧ ಹಿಂಡಿ ರುಚಿ ನೋಡಿ ಉಳಿದರ್ಧ. ಕಟ್ಟಕಡೆಗೆ ಮುಚ್ಚಿಟ್ಟ ಸಿಪ್ಪೆಯ ತುರಿ. ಸಿಹಿ ಮುಂದಾಗಿದ್ದರೆ ನಿಂಬೆ, ಹುಳಿ ಮುಂದಾಗಿದ್ದರೆ ಸಕ್ಕರೆಗಿಂತ ಮೊದಲು ಒಂದು ಚಿಟಿಕೆ ಉಪ್ಪು. ಉಪ್ಪು ಸರಿಹೋದರೆ ಎಷ್ಟೋ ಸಲ ಬೇರೇನೂ ಬೇಕಾಗುವುದಿಲ್ಲ. ಎರಡು ನಿಮಿಷ ಮುಚ್ಚಿಟ್ಟು, ಎಲೆಯ ಮುಂದೆಯೇ ಮುಚ್ಚಳ ತೆಗೆಯಿರಿ. ಆ ಆವಿ ಅಡುಗೆಮನೆಗೆ ಸೇರಿದ್ದಲ್ಲ, ಉಣ್ಣುವವರಿಗೆ ಸೇರಿದ್ದು.

ಇತ್ತ ಆಕೆಯ ಚಿಕಿತ್ಸೆಯೂ ನಡೆದಿತ್ತು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ವಿಧಾನವಿದೆ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರ, ಮನಸ್ಸಿಟ್ಟು ಮೂಸುವುದು. ವೈದ್ಯರು ಇದನ್ನೇ ಹೇಳಿದರು. ನಾವು ನಾಲ್ಕು ಸೀಸೆಗಳಲ್ಲಿ ಪನ್ನೀರು, ನೀಲಗಿರಿ ಎಣ್ಣೆ, ನಿಂಬೆಯ ಸಿಪ್ಪೆ, ಲವಂಗಗಳನ್ನು ಹಾಕಿ ದೇವರ ಗೂಡಿನ ಪಕ್ಕದಲ್ಲಿಟ್ಟೆವು. ಬೆಳಗ್ಗೆ ದೀಪ ಹಚ್ಚಿದ ಮೇಲೆ ಆಕೆ ಒಂದೊಂದನ್ನೇ ಮೂಸಿ, ಇಲ್ಲವೆಂದು ತಲೆಯಾಡಿಸಿ ಮುಚ್ಚುವಳು. ಏನೂ ಬಾರದಿದ್ದಾಗಲೂ ಬಂದಂತೆ ನೆನೆಯಬೇಕು, ಅದೇ ಕಷ್ಟ ಎನ್ನುತ್ತಿದ್ದಳು.

ಹಾಗೆ ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮೇಲೆ ಹೇಳಿದ ಕ್ರಮದಲ್ಲಿ ಗೊಜ್ಜು ಮಾಡಿ ಆಕೆಯ ಮುಂದಿಟ್ಟು ಮುಚ್ಚಳ ತೆಗೆದೆ. ಆಕೆ ಬಗ್ಗಿದವಳು ಹಾಗೆಯೇ ನಿಂತಳು. “ಏನೋ ಇದೆ” ಎಂದಳು. “ಕಿತ್ತಳೆಯೋ?” ಎಂದೆ. “ಗೊತ್ತಾಗ್ತಿಲ್ಲ. ಆಚೆ ಮನೇಲಿ ಯಾರೋ ಹಣ್ಣು ಸುಲಿದ ಹಾಗೆ” ಎಂದಳು. ಅಂದು ಇಬ್ಬರೂ ಹೆಚ್ಚು ಮಾತಾಡಲಿಲ್ಲ. ತುತ್ತಿನ ನಡುವೆ ಆಕೆ ತಟ್ಟೆಯನ್ನು ಮೂಗಿನ ಬಳಿ ಎತ್ತಿ ಎತ್ತಿ ನೋಡುತ್ತಿದ್ದಳು. ಮರುದಿನ ಮತ್ತೆ ಏನೂ ಇರಲಿಲ್ಲ. ಅದರ ಮರುದಿನ ನಿಂಬೆಯ ಸೀಸೆಯಲ್ಲಿ ಒಂದಿಷ್ಟು ಸಿಕ್ಕಿತು.

ಎಲ್ಲವೂ ಮರಳಿ ಬಂತೆಂದು ನಾನು ಹೇಳಲಾರೆ. ಹುರಿದ ಕಾಫಿಬೀಜದ ವಾಸನೆ ಆಕೆಗೆ ಇಂದಿಗೂ ಸುಟ್ಟ ರಬ್ಬರಿನಂತೆ ಬರುತ್ತದೆ. ಕಾಫಿ ತೋಟದ ಮಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಕಿತ್ತಳೆ ಮಾತ್ರ ಬಹುಮಟ್ಟಿಗೆ ಬಂದಿದೆ. ಆದರೆ ಆಕೆಯ ತವರಿನ ತೋಟದಲ್ಲಿ ಈಗ ಕಿತ್ತಳೆಯ ಮರಗಳಿಲ್ಲ. ಎಲೆ ಹಳದಿಯಾಗಿ, ಕಾಯಿ ಹಸಿರಾಗಿಯೇ ಉಳಿದು, ಕೊಂಬೆಕೊಂಬೆಯಾಗಿ ಒಣಗುವ ಹಸಿರುರೋಗ ಕೊಡಗಿನ ಎಷ್ಟೋ ತೋಟಗಳ ಕಿತ್ತಳೆಯನ್ನು ತಿಂದುಹಾಕಿತು. ಎಲೆಯ ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ತಗುಲಿದ ಮರಕ್ಕೆ ಮದ್ದಿಲ್ಲ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ರೋಗವಿಲ್ಲದ ಸಸಿಗಳ ಕೆಲಸದಲ್ಲಿ ತೊಡಗಿದ್ದಾರೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಗುರುತು ದೊರೆತ ಹಣ್ಣು ಸಂತೆಯಲ್ಲಿ ದೊರೆಯುವುದು ಕಷ್ಟವಾಗಿದೆ.

ಕಳೆದ ಚಳಿಗಾಲದಲ್ಲಿ ಆಕೆಯ ಅಣ್ಣನವರು ಅಲ್ಲಿ ಎರಡು ಸಸಿಗಳನ್ನು ನೆಟ್ಟಿದ್ದಾರೆ. ಹಣ್ಣು ಬಿಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ನಾಗಪುರದ ಹಣ್ಣು, ತುಸು ಹೆಚ್ಚು ನಿಂಬೆ. ಮೊನ್ನೆ ಭಾನುವಾರ ನಾನು ಸಿಪ್ಪೆಯ ತುರಿಯನ್ನು ಒಲೆ ಆರಿಸುವ ಮೊದಲೇ ಹಾಕಿಬಿಟ್ಟೆ. ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದ ಆಕೆ ಅಲ್ಲಿಂದಲೇ, “ರೀ, ಕಿತ್ತಳೆ ಹೊರಗೆ ಬರ್ತಿದೆ, ಒಲೆ ಆರಿಸಿ” ಎಂದು ಕೂಗಿದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.



(ಬಾನುಲಿ ಭಾಷಣದ ಬರಹರೂಪ)